ಪಥ್ಯದ ಹೆಸರಿನಲ್ಲಿ ಉಪವಾಸ ಕೆಡವಬೇಡಿ

ಮೊಟ್ಟೆ ನಂಜು, ಮೊಸರು ಶೀತ, ಕಡಲೆಕಾಯಿ ಪಿತ್ತ, ಬೆಲ್ಲ ತಿಂದರೆ ಗಡ್ಡೆ ಬೆಳೆಯುತ್ತದೆ. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ಗೊತ್ತಾದ ವಾರದೊಳಗೆ ಈ ಪಟ್ಟಿ ತಯಾರಾಗಿರುತ್ತದೆ. ನೋಡಲು ಬಂದ ನೆಂಟರು ಒಬ್ಬೊಬ್ಬರೂ ತಟ್ಟೆಯಿಂದ ಒಂದೊಂದು ಪದಾರ್ಥ ತೆಗೆಸಿ ಹೋಗುತ್ತಾರೆ. ಕೊನೆಗೆ ಉಳಿಯುವುದು ಗಂಜಿನೀರು, ಎಳನೀರು, ಹಣ್ಣಿನ ರಸ. ಜೊತೆಗೆ "ಏಳಬೇಡ, ಸುಮ್ಮನೆ ಮಲಗಿರು" ಎಂಬ ಅಪ್ಪಣೆ. ಇದೆಲ್ಲ ಪ್ರೀತಿಯಿಂದಲೇ ನಡೆಯುತ್ತದೆ, ನನಗೆ ಗೊತ್ತು. ಆದರೂ ಹೇಳಲೇಬೇಕು. ಕೀಮೋ ತಡೆದುಕೊಳ್ಳಬೇಕಾದ ದೇಹವನ್ನು ನಾವೇ ಕೈಯಾರೆ ಬಡಕಲು ಮಾಡುತ್ತಿದ್ದೇವೆ.

ಈ ಕಾಯಿಲೆ ಹಸಿವನ್ನು ಕೊಲ್ಲುತ್ತದೆ, ತೋಳು ತೊಡೆಗಳ ಸ್ನಾಯುವನ್ನು ಕರಗಿಸುತ್ತದೆ. ತೂಕ ಇಳಿದಷ್ಟೂ ಔಷಧದ ಅಡ್ಡಪರಿಣಾಮ ಹೆಚ್ಚು. ಡೋಸ್ ತಗ್ಗಿಸಬೇಕಾಗುತ್ತದೆ, ಮುಂದಿನ ಕೀಮೋ ಮುಂದಕ್ಕೆ ಹೋಗುತ್ತದೆ. ಆರೋಗ್ಯವಂತರಿಗೆ ದಿನಕ್ಕೆ ಒಂದು ಕೆ.ಜಿ. ತೂಕಕ್ಕೆ ಸುಮಾರು 0.8 ಗ್ರಾಂ ಪ್ರೊಟೀನ್ ಸಾಕು. ಕ್ಯಾನ್ಸರ್ ಇರುವವರಿಗೆ 1ರಿಂದ 1.5 ಗ್ರಾಂ ಬೇಕು ಎನ್ನುತ್ತವೆ ಯುರೋಪಿನ ಪೋಷಣಾ ತಜ್ಞರ ಮಾರ್ಗಸೂಚಿಗಳು. 50 ಕೆ.ಜಿ. ತೂಗುವ ತಾಯಿಗೆ ಅದು 50ರಿಂದ 75 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು 6 ಗ್ರಾಂ. ಗಂಜಿನೀರಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಸಿಹಿ ಬಿಟ್ಟರೆ ಗಡ್ಡೆ ಹಸಿದು ಸಾಯುತ್ತದೆ ಎನ್ನುವವರು ತಿಳಿದುಕೊಳ್ಳಲಿ: ಊಟವನ್ನೇ ನಿಲ್ಲಿಸಿದರೂ ದೇಹ ತನ್ನ ಸ್ನಾಯುವನ್ನು ಕರಗಿಸಿ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಹಸಿದು ಸೊರಗುವುದು ರೋಗಿ. (ಸಕ್ಕರೆ ಕಾಯಿಲೆ ಇದ್ದವರ ಮಾತು ಬೇರೆ, ಅವರು ವೈದ್ಯರ ಲೆಕ್ಕದಲ್ಲೇ ತಿನ್ನಬೇಕು.)

ತಂಬಾಕು, ಗುಟ್ಕಾ ನಮ್ಮ ನಾಡಿಗೆ ಕೊಟ್ಟ ಬಾಯಿ ಕ್ಯಾನ್ಸರನ್ನು ಹತ್ತಿರದಿಂದ ನೋಡಿ. ನಮ್ಮ ಜನ 'ಕರೆಂಟ್ ಕೊಡೋದು' ಎನ್ನುವ ವಿಕಿರಣ ಶುರುವಾಗಿ ಕೆಲವು ವಾರ ಕಳೆದರೆ ತುಟಿ ಒಣಗಿ ಅಂಟಿಕೊಳ್ಳುತ್ತದೆ, ಕೆನ್ನೆಯ ಒಳಗೆಲ್ಲ ಹುಣ್ಣು. ಸಾರಿನ ಹುಳಿ ತಾಗಿದರೂ ಕಣ್ಣಲ್ಲಿ ನೀರು. ಅಂಥವರ ಮುಂದೆ ಚಪಾತಿ ಇಟ್ಟು "ತಿನ್ನು, ತಿನ್ನು" ಎಂದು ಗದರುವುದು ಹಿಂಸೆ. ರಾಗಿ ಹಿಟ್ಟನ್ನು ಹಾಲಿನಲ್ಲಿ ತೆಳ್ಳಗೆ ಕಾಯಿಸಿ, ನುಣ್ಣಗೆ ಪುಡಿ ಮಾಡಿದ ಹುರಿಗಡಲೆ ಕದಡಿ, ಚಮಚ ತುಪ್ಪ ಬಿಟ್ಟು, ಆರಿದ ಮೇಲೆ ಎರಡು ಗಂಟೆಗೊಮ್ಮೆ ಅರ್ಧರ್ಧ ಲೋಟ ಕೊಡಿ. ಮೆತ್ತಗಿನ ಅನ್ನಕ್ಕೆ ಬೆಂದ ತೊಗರಿಬೇಳೆ ಕಿವುಚಿ. ಮೊಟ್ಟೆ ತಿನ್ನುವವರಿಗೆ ಪೂರ್ತಿ ಬೇಯಿಸಿದ್ದನ್ನೇ ಕೊಡಿ, ಬಿಳಿ ರಕ್ತಕಣ ಇಳಿದಾಗ ಅರೆಬೆಂದದ್ದು ಸೋಂಕು ತರಬಹುದು. ನುಂಗಲಾಗದವರಿಗೆ ಮೂಗಿನ ನಳಿಗೆ ಹಾಕುತ್ತೇವೆಂದು ವೈದ್ಯರು ಹೇಳಿದರೆ ಅಂಜಿ ಮನೆಗೆ ಕರೆದೊಯ್ಯಬೇಡಿ.

ಇನ್ನು ಹಾಸಿಗೆಯ ವಿಷಯ. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮತ್ತು ಕೀಮೋ ಮುಗಿಸಿದ 889 ಜನರ ಮೇಲೆ ಕೆನಡಾ, ಆಸ್ಟ್ರೇಲಿಯಾ ಮೊದಲಾದ ಕಡೆ ನಡೆದ 'ಚಾಲೆಂಜ್' ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಮೂರು ವರ್ಷ ತರಬೇತುದಾರರ ಬೆಂಬಲದಲ್ಲಿ ವ್ಯಾಯಾಮ, ಇನ್ನೊಂದಕ್ಕೆ ಬರೀ ಮಾಹಿತಿ ಪುಸ್ತಿಕೆ. ಎಂಟು ವರ್ಷದ ಹೊತ್ತಿಗೆ ಬದುಕುಳಿದವರು ಮೊದಲ ಗುಂಪಿನಲ್ಲಿ ಶೇ. 90, ಎರಡನೆಯದರಲ್ಲಿ ಶೇ. 83. ಬಿರುಸಾಗಿ ನಡೆದರೂ ಸಾಕಿದ್ದ ವ್ಯಾಯಾಮ ಅದು! ಎಲ್ಲ ಕ್ಯಾನ್ಸರ್‌ಗೂ ಇದೇ ಫಲ ಎಂದು ನಾನು ಹೇಳುತ್ತಿಲ್ಲ. ಮೂಳೆಗೆ ಹರಡಿದ್ದರೆ, ಪ್ಲೇಟ್‌ಲೆಟ್ ಕುಸಿದಿದ್ದರೆ, ಜ್ವರವಿದ್ದರೆ ವೈದ್ಯರನ್ನು ಕೇಳದೆ ಹೆಜ್ಜೆ ಇಡುವಂತಿಲ್ಲ. ಆದರೆ ಕೀಮೋ ತರುವ ಸುಸ್ತು ಮಲಗಿದಷ್ಟೂ ಹೆಚ್ಚುತ್ತದೆ, ಮೆಲ್ಲಗೆ ಓಡಾಡಿದರೆ ಇಳಿಯುತ್ತದೆ. ಮೊದಲ ದಿನ ಜಗಲಿಯವರೆಗೆ, ಆಮೇಲೆ ಬೀದಿಯ ತಿರುವಿನವರೆಗೆ. ಜೊತೆಗೆ ನೀವೂ ನಡೆಯಿರಿ.

ಲಕ್ಷ್ಮಣ ಫಲದ ರಸ ಕುಡಿದರೆ ಕೀಮೋ ಬೇಡ ಎಂಬ ವಾಟ್ಸ್ಆ್ಯಪ್ ಸಂದೇಶವನ್ನು ಫಾರ್ವರ್ಡ್ ಮಾಡುವ ಬೆರಳುಗಳಿಗೆ ಕೈಮುಗಿದು ಬೇಡುತ್ತೇನೆ, ನಿಲ್ಲಿಸಿ. ಊಟ, ನಡಿಗೆ ಚಿಕಿತ್ಸೆಗೆ ಆಸರೆಯಾದಾವು, ಚಿಕಿತ್ಸೆಯ ಜಾಗ ತುಂಬಲಾರವು. ಹಾಗೆಯೇ, ರೋಗ ಮರುಕಳಿಸಿದವರ ಮುಂದೆ "ಸರಿಯಾಗಿ ತಿನ್ನಲಿಲ್ಲ, ವಾಕಿಂಗ್ ಮಾಡಲಿಲ್ಲ, ಅದಕ್ಕೇ" ಎನ್ನಬೇಡಿ. ಎಲ್ಲವನ್ನೂ ಮಾಡಿಯೂ ಸೋತವರಿದ್ದಾರೆ. ಆ ಮಾತು ಕೇಳಿಸಿಕೊಂಡೇ ಕಣ್ಣುಮುಚ್ಚುವ ಶಿಕ್ಷೆ ಯಾರಿಗೂ ಬೇಡ.

ಮನೆಯವರನ್ನಷ್ಟೇ ದೂರಿ ಸುಮ್ಮನಾಗಲಾರೆ. ಕಲಬುರಗಿ, ರಾಯಚೂರಿನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರುವ ಕುಟುಂಬಕ್ಕೆ ಕೂಲಿ ತಪ್ಪಿರುತ್ತದೆ, ಒಲೆ ಊರಲ್ಲೇ ಉಳಿದಿರುತ್ತದೆ. ಅವರಿಗೆ ಪ್ರೊಟೀನ್ ಪಾಠ ಹೇಳಿದರೆ ಹೊಟ್ಟೆ ತುಂಬುವುದಿಲ್ಲ. ಕ್ಷಯ ರೋಗಿಯ ಊಟಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಲ್ಲಿ ಅದನ್ನು 1,000 ಮಾಡಿತು. ಊಟವೂ ಚಿಕಿತ್ಸೆಯೇ ಎಂದು ಅಲ್ಲಿ ಒಪ್ಪಿದ ಮೇಲೆ ಕ್ಯಾನ್ಸರ್ ವಾರ್ಡಿನಲ್ಲಿ ಒಪ್ಪಲು ಹಿಂಜರಿಕೆ ಏಕೆ? ಕೀಮೋ ನಡೆಯುವಷ್ಟು ಕಾಲ ಪ್ರತಿ ಬಡ ರೋಗಿಗೂ ಪೋಷಣೆಯ ಹಣ ಸಿಗಲಿ. ಪ್ರತಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕನ್ನಡದಲ್ಲಿ ಮಾತಾಡುವ ಆಹಾರ ತಜ್ಞರು, ಫಿಸಿಯೋಥೆರಪಿಸ್ಟರು ರೋಗಿಯನ್ನು ಮೊದಲ ದಿನವೇ ನೋಡಲಿ. ವೈದ್ಯರೇ, ನಿಮಗೆ ಪುರುಸೊತ್ತಿಲ್ಲ, ಹೊರಗೆ ಸಾಲು ಉದ್ದವಿದೆ. ಆದರೂ ಪ್ರತಿ ಭೇಟಿಯಲ್ಲಿ ತೂಕ ನೋಡಿ ಚೀಟಿಯ ಮೇಲೆ ಬರೆಯಿರಿ, ನಿನ್ನೆ ಏನು ತಿಂದಿರಿ, ಎಷ್ಟು ದೂರ ನಡೆದಿರಿ ಎಂದು ಬಾಯಿಬಿಟ್ಟು ಕೇಳಿ.