ಒರೆಸಿದ ಮೇಲೆ ಲ್ಯಾಪ್‌ಟಾಪ್‌ಗೆ ವೈ-ಫೈ ಸಿಗುತ್ತಿಲ್ಲವೇ? ಮದರ್‌ಬೋರ್ಡ್ ಹೋಯಿತು ಎನ್ನುವ ಮೊದಲು ಇಷ್ಟು ನೋಡಿ

ಬೇಸಿಗೆಯಲ್ಲಿ ರಾಯಚೂರು ಕಡೆಯ ಮನೆಗಳಲ್ಲಿ ಧೂಳು ಹಿಡಿಯದ ವಸ್ತುವೇ ಇರುವುದಿಲ್ಲ. ಎರೆಹೊಲದ ಮಣ್ಣು, ಹತ್ತಿಯ ಎಳೆ, ರಸ್ತೆಯ ಧೂಳು ಎಲ್ಲವೂ ಲ್ಯಾಪ್‌ಟಾಪಿನ ಕೀಲಿಗಳ ಸಂದಿಗೆ, ಫ್ಯಾನಿನ ಕಿಂಡಿಗೆ ಸೇರುತ್ತವೆ. ಯಂತ್ರ ಬಿಸಿಯಾಗಿ ಫ್ಯಾನ್ ಗುಂಯ್‌ಗುಡತೊಡಗಿದಾಗ ನಾವು ಮನೆಯಲ್ಲೇ ಒರೆಸುತ್ತೇವೆ, ಇಲ್ಲವೇ ಅಂಗಡಿಯಲ್ಲಿ ಬ್ಲೋವರ್ ಹಿಡಿಸುತ್ತೇವೆ. ಆಮೇಲೆ ಆನ್ ಮಾಡಿದರೆ ಕೆಲವೊಮ್ಮೆ ಎಲ್ಲವೂ ಸರಿಯಿರುತ್ತದೆ, ವೈ-ಫೈ ಮಾತ್ರ ಇರುವುದಿಲ್ಲ.

ಯಾಪಲದಿನ್ನಿಯಂತಹ ಊರಿನಲ್ಲಿ ಇದು ಸಣ್ಣ ತೊಂದರೆಯಲ್ಲ. ಪದವಿ ಪರೀಕ್ಷೆಯ ಅರ್ಜಿಗೆ ಯುಯುಸಿಎಂಎಸ್, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಇನ್ನಿತರ ಸೇವೆಗಳಿಗೆ ಸೇವಾ ಸಿಂಧು, ಎಲ್ಲವೂ ಆನ್‌ಲೈನ್. ರಿಪೇರಿಗೆಂದು ನಗರಕ್ಕೆ ಹೋದರೆ ಬಸ್ಸಿನ ಖರ್ಚಿನ ಜೊತೆ ಒಂದು ದಿನದ ಕೆಲಸವೂ ಹೋಗುತ್ತದೆ. ಅಲ್ಲಿ ‘ಮದರ್‌ಬೋರ್ಡ್ ಹೋಗಿದೆ’ ಎಂಬ ಮಾತು ಬಂದರೆ ಸಾವಿರಾರು ರೂಪಾಯಿಯ ಲೆಕ್ಕ. ಆದರೆ ಒರೆಸಿದ ಮೇಲೆ ವೈ-ಫೈ ನಿಲ್ಲುವುದಕ್ಕೆ ಇರುವ ಸಾಮಾನ್ಯ ಕಾರಣಗಳಲ್ಲಿ ಹೆಚ್ಚಿನವು ಒಂದು ರೂಪಾಯಿಯೂ ಖರ್ಚಿಲ್ಲದೆ ಸರಿಹೋಗುವಂಥವು.

ಒರೆಸಿದ್ದಕ್ಕೇ ಹೋಯಿತೇ?

ಒಂದಾದ ಮೇಲೊಂದು ನಡೆದದ್ದನ್ನೆಲ್ಲ ಕಾರಣ–ಪರಿಣಾಮ ಎಂದುಕೊಳ್ಳುವುದು ನಮ್ಮ ಮನಸ್ಸಿನ ಅಭ್ಯಾಸ. ಕಾಗೆ ಕೂತಿತು, ಕೊಂಬೆ ಮುರಿಯಿತು! ಹಾಗಾಗಿ ಮೊದಲ ಪರೀಕ್ಷೆಯನ್ನು ಲ್ಯಾಪ್‌ಟಾಪಿನಲ್ಲಿ ಮಾಡಬೇಕಿಲ್ಲ. ಅದೇ ವೈ-ಫೈಗೆ ಮೊಬೈಲ್ ಜೋಡಿಸಿ, ಮೊಬೈಲ್ ಡೇಟಾ ಆಫ್ ಮಾಡಿ, ಯಾವುದಾದರೂ ಪುಟ ತೆರೆದು ನೋಡಿ. ಮೊಬೈಲಿನಲ್ಲೂ ತೆರೆಯದಿದ್ದರೆ ತೊಂದರೆ ಇರುವುದು ರೂಟರಿನಲ್ಲೋ ಹೊರಗಿನ ಲೈನಿನಲ್ಲೋ, ಲ್ಯಾಪ್‌ಟಾಪಿನದು ತಪ್ಪಿಲ್ಲ. ಮೊಬೈಲಿನಲ್ಲಿ ಸರಿಯಾಗಿ ಬರುತ್ತಿದ್ದರೆ ಮಾತ್ರ ಮುಂದೆ ಓದಿ.

ಒಳಗೆ ಏನಿರುತ್ತದೆ?

ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈ ಕೆಲಸ ಮಾಡುವುದು ಒಂದು ಪುಟ್ಟ ಕಾರ್ಡು. ಅದನ್ನು ಮದರ್‌ಬೋರ್ಡಿನ ಸೀಳಿನಲ್ಲಿ ತೂರಿಸಿ ಒಂದು ಸ್ಕ್ರೂ ಹಾಕಿರುತ್ತಾರೆ. ಕೆಲವು ತೆಳ್ಳನೆಯ ಮಾದರಿಗಳಲ್ಲಿ ಮಾತ್ರ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಕಾರ್ಡಿನಿಂದ ಸಾಮಾನ್ಯವಾಗಿ ಎರಡು ತೆಳುವಾದ ತಂತಿಗಳು, ಬಹಳ ಸಲ ಒಂದು ಕಪ್ಪು ಒಂದು ಬಿಳಿ, ಆಂಟೆನಾಗಳಿಗೆ ಹೋಗುತ್ತವೆ. ಎಷ್ಟೋ ಮಾದರಿಗಳಲ್ಲಿ ಈ ಆಂಟೆನಾ ಇರುವುದು ಪರದೆಯ ಅಂಚಿನಲ್ಲಿ. ತಂತಿ ಕೀಲಿನೊಳಗಿಂದ ಹಾದು ಅಲ್ಲಿಗೆ ಸೇರುತ್ತದೆ.

ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್. ಅದರ ಕಾಲು ಭಾಗದಷ್ಟು ಉದ್ದದ ಲೋಹದ ಪಟ್ಟಿಯೂ ಅಲೆಯನ್ನು ಹಿಡಿಯಬಲ್ಲದು. ಆದ್ದರಿಂದಲೇ ಆಂಟೆನಾ ನಮ್ಮ ಕಣ್ಣಿಗೆ ಬೀಳದಂತೆ ಒಳಗೇ ಕೂರುತ್ತದೆ. ತಂತಿಯ ತುದಿಯನ್ನು ಕಾರ್ಡಿಗೆ ಬಟ್ಟೆಯ ಟಿಚ್ ಬಟನ್ನಿನಂತೆ ಒತ್ತಿ ಕೂರಿಸಿರುತ್ತಾರೆ, ಆದರೆ ಅದು ಸಾಸಿವೆ ಕಾಳಿನಷ್ಟೇ ದೊಡ್ಡದು. ಕೆಳಗಿನ ಮುಚ್ಚಳ ತೆಗೆದು ಬ್ರಷ್ ಆಡಿಸಿದಾಗ ಅದು ಕಳಚಿಕೊಳ್ಳುವುದು ಸುಲಭ.

ಮೂರು ಲಕ್ಷಣ, ಮೂರು ದಾರಿ

*ಒಂದು: ವೈ-ಫೈ ಆಫ್ ಆಗಿದೆ, ಇಲ್ಲವೇ ವಿಮಾನದ ಚಿಹ್ನೆ ಕಾಣುತ್ತಿದೆ.* ಆನ್ ಇರುವಾಗಲೇ ಕೀಲಿಮಣೆ ಒರೆಸಿದರೆ ಬಟ್ಟೆ ಎಷ್ಟೋ ಕೀಲಿಗಳನ್ನು ಒತ್ತಿಬಿಡುತ್ತದೆ. ಅದರಲ್ಲಿ ಏರ್‌ಪ್ಲೇನ್ ಮೋಡ್ ಕೀಲಿಯೂ ಇರಬಹುದು. ಮೇಲಿನ ಸಾಲಿನಲ್ಲಿ ವಿಮಾನ ಅಥವಾ ಆಂಟೆನಾ ಚಿತ್ರವಿರುವ ಕೀಲಿಯನ್ನು ಒಮ್ಮೆ ಹಾಗೆಯೇ, ಇನ್ನೊಮ್ಮೆ ಎಫ್‌ಎನ್ ಕೀಲಿಯ ಜೊತೆ ಒತ್ತಿ ನೋಡಿ. ಹಳೆಯ ಮಾದರಿಗಳಲ್ಲಿ ಪಕ್ಕದಲ್ಲೋ ಮುಂದಿನ ಅಂಚಿನಲ್ಲೋ ವೈ-ಫೈಗೆಂದೇ ಒಂದು ಜಾರುಗುಂಡಿ ಇರುತ್ತದೆ. ಅದು ಸರಿದಿದ್ದರೆ ಪರದೆಯ ಮೇಲೆ ಏನು ಮಾಡಿದರೂ ಪ್ರಯೋಜನವಿಲ್ಲ.

*ಎರಡು: ರೂಟರಿನ ಪಕ್ಕ ಕೂತರೆ ಸಿಗುತ್ತದೆ, ಆಚೆ ಕೋಣೆಗೆ ಹೋದರೆ ಇಲ್ಲ.* ಮೊದಲು ಹೀಗಿರಲಿಲ್ಲ ಎಂದಾದರೆ ಆಂಟೆನಾ ತಂತಿ ಕಳಚಿರುವ ಸಾಧ್ಯತೆ ಹೆಚ್ಚು. ಇದಕ್ಕೆ ಮುಚ್ಚಳ ತೆಗೆಯಬೇಕು. ಅನುಭವವಿದ್ದವರು ಚಾರ್ಜರ್ ತೆಗೆದು, ಬ್ಯಾಟರಿಯ ಸಂಪರ್ಕ ಬಿಡಿಸಿ, ತಂತಿಯ ತುದಿಯನ್ನು ನೇರವಾಗಿ ಇಟ್ಟು ಮೆಲ್ಲಗೆ ಒತ್ತಿದರೆ ಸಾಕು. ಓರೆಯಾಗಿ ಒತ್ತಿದರೆ ಅದು ಮುರಿಯುತ್ತದೆ, ಹಾಗಾಗಿ ಅಭ್ಯಾಸವಿಲ್ಲದವರು ಕೈ ಹಾಕದಿರುವುದೇ ಒಳ್ಳೆಯದು.

*ಮೂರು: ವೈ-ಫೈ ಗುಂಡಿಯೇ ಮಾಯ.* ಮೊದಲು ‘ಶಟ್ ಡೌನ್’ ಅಲ್ಲ, ‘ರೀಸ್ಟಾರ್ಟ್’ ಕೊಡಿ. ಎರಡೂ ಒಂದೇ ಎಂಬುದು ಬಹುಜನರ ನಂಬಿಕೆ. ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಇರುವ ಯಂತ್ರಗಳು ಶಟ್ ಡೌನ್ ಮಾಡಿದಾಗ ವ್ಯವಸ್ಥೆಯ ಒಂದು ಭಾಗವನ್ನು ಹಾಗೆಯೇ ಉಳಿಸಿಟ್ಟು ಮತ್ತೆ ಬಳಸುತ್ತವೆ; ರೀಸ್ಟಾರ್ಟ್ ಆದಾಗ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಯಂತ್ರವನ್ನು ಆಫ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ಹೊರಗೆ ಬರುವಂತಿದ್ದರೆ ಅದನ್ನೂ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದಿರುವ ವಿದ್ಯುತ್ತು ಖಾಲಿಯಾಗಿ, ಅಂಟಿಕೊಂಡಂತಿದ್ದ ಕಾರ್ಡು ಕೆಲವೊಮ್ಮೆ ಎಚ್ಚರಗೊಳ್ಳುತ್ತದೆ.

ಇನ್ನೂ ಬರದಿದ್ದರೆ ‘ಡಿವೈಸ್ ಮ್ಯಾನೇಜರ್’ ತೆರೆದು ‘ನೆಟ್‌ವರ್ಕ್ ಅಡಾಪ್ಟರ್ಸ್’ ಸಾಲು ನೋಡಿ. ವೈ-ಫೈ ಹೆಸರಿದ್ದು ಹಳದಿ ಗುರುತು ಬಿದ್ದಿದ್ದರೆ ಮೊದಲ ಅನುಮಾನ ಡ್ರೈವರ್ ಎಂಬ ತಂತ್ರಾಂಶದ ಮೇಲೆ. ಅದನ್ನು ಮತ್ತೆ ಹಾಕಿಕೊಳ್ಳಲು ನೆಟ್ ಬೇಕು, ಆದರೆ ಹೋಗಿರುವುದೇ ನೆಟ್! ಚಿಂತೆಯಿಲ್ಲ, ಮೊಬೈಲನ್ನು ಚಾರ್ಜಿಂಗ್ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಅರ್ಜಿಯ ಕೊನೆಯ ದಿನವಾಗಿದ್ದರೆ ರಿಪೇರಿ ಬದಿಗಿಟ್ಟು ಇದೇ ದಾರಿಯಲ್ಲಿ ಅರ್ಜಿ ಮುಗಿಸಬಹುದು. ಪಟ್ಟಿಯಲ್ಲಿ ವೈ-ಫೈ ಹೆಸರೇ ಇಲ್ಲದಿದ್ದರೆ ಕಾರ್ಡು ಸಡಿಲಗೊಂಡಿರಬಹುದು, ಇಲ್ಲವೇ ಕೆಟ್ಟಿರಬಹುದು.

ಅಕ್ಕಿಯಲ್ಲಿ ಹೂತಿಡುವ ನಂಬಿಕೆ

ಒದ್ದೆ ಬಟ್ಟೆಯಿಂದ ಒರೆಸಿ ನೀರು ಒಳಗಿಳಿದಿದ್ದರೆ ಅಕ್ಕಿ ಡಬ್ಬಿಯಲ್ಲಿಡಿ ಎಂಬ ಸಲಹೆ, ಭತ್ತದ ನಾಡಾದ ಮಾನ್ವಿ–ಸಿಂಧನೂರಿನ ಕಡೆಯಲ್ಲೂ ಕೇಳಿಬರುವಂಥದ್ದೇ. ಅಕ್ಕಿ ತನ್ನನ್ನು ಮುಟ್ಟಿದ ನೀರನ್ನು ಹೀರಬಹುದು. ಯಂತ್ರದೊಳಗಿನ ತೇವವನ್ನು ಹೊರಗೆಳೆಯುವ ವಿಶೇಷ ಶಕ್ತಿ ಅದಕ್ಕಿಲ್ಲ. ಬದಲಿಗೆ ಅದರ ಪುಡಿ ಕಿಂಡಿಗಳಿಗೆ ಸೇರುತ್ತದೆ. ಒದ್ದೆಯಾದ ಫೋನನ್ನು ಅಕ್ಕಿಯಲ್ಲಿಡಬೇಡಿ ಎಂದು ಆಪಲ್ ಸಂಸ್ಥೆಯೂ ತನ್ನ ಸೂಚನೆಯಲ್ಲಿ ಹೇಳಿದೆ. ಯಂತ್ರವನ್ನು ಆಫ್ ಮಾಡಿ, ಚಾರ್ಜರ್ ಹಾಕದೆ, ನೆರಳಿನಲ್ಲಿ ಗಾಳಿಯಾಡುವಂತೆ ಒಂದೆರಡು ದಿನ ಬಿಡುವುದು ಮೇಲು. ಮೇ ತಿಂಗಳ ಬಿಸಿಲಿಗೆ ಇಡುವುದಂತೂ ಬೇಡ, ಆ ಕಾವು ಬ್ಯಾಟರಿಗೆ ಹಾನಿ.

ಮುಂದಿನ ಸಲ ಒರೆಸುವಾಗ

ಪೂರ್ತಿ ಆಫ್ ಮಾಡಿಯೇ ಒರೆಸಿ. ದ್ರವವನ್ನು ಯಂತ್ರದ ಮೇಲೆ ಸಿಂಪಡಿಸದೆ ಬಟ್ಟೆಗೆ ಹಾಕಿಕೊಳ್ಳಿ. ಮುಚ್ಚಳ ತೆಗೆದಾಗ ನೈಲಾನ್ ಬಟ್ಟೆ, ಮನೆಯ ವ್ಯಾಕ್ಯೂಮ್ ಕ್ಲೀನರ್ ಬೇಡ, ಅವುಗಳಿಂದ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಬೆರಳಿಗೆ ‘ಚುರ್’ ಎನ್ನಲು ಸುಮಾರು 3,000 ವೋಲ್ಟ್ ಬೇಕು. ಕೆಲವು ಚಿಪ್‌ಗಳು ಹಾಳಾಗಲು 100 ವೋಲ್ಟ್ ಕೂಡ ಬೇಕಿಲ್ಲ. ಅಂದರೆ ನಮ್ಮ ಅರಿವಿಗೆ ಬಾರದಂತೆಯೇ ಹಾನಿ ಆಗಿಬಿಡಬಹುದು. ಒಣಹವೆಯಲ್ಲಿ ಈ ಅಪಾಯ ಹೆಚ್ಚು.

ಇಷ್ಟೆಲ್ಲ ನೋಡಿಯೂ ಅಂಗಡಿಗೆ ಹೋಗಬೇಕಾದರೆ ಎರಡು ಮಾತು ಕೇಳಿ: ‘ಆಂಟೆನಾ ತಂತಿ ಕೂತಿದೆಯೇ? ಬೇರೆ ಕಾರ್ಡು ಹಾಕಿ ನೋಡಿದಿರಾ?’ ಇವೆರಡಕ್ಕೂ ಉತ್ತರ ಸಿಗುವ ಮೊದಲು ಮದರ್‌ಬೋರ್ಡ್ ಬದಲಿಸಲು ಒಪ್ಪಬೇಕಿಲ್ಲ. ಬೋರ್ಡಿಗೇ ಬೆಸೆದ ವೈ-ಫೈ ಕೆಟ್ಟಿದ್ದರೂ ಕೆಲವು ನೂರು ರೂಪಾಯಿಯ ಯುಎಸ್‌ಬಿ ವೈ-ಫೈ ಅಡಾಪ್ಟರ್ ಸಿಕ್ಕಿಸಿದರೆ ಕೆಲಸ ನಡೆಯುತ್ತದೆ.