ನೆಲ ಕೊಂಡವರೆಲ್ಲ ಕಾಡನ್ನು ಕೊಂಡಂತಲ್ಲ

ಮಲೆನಾಡಿನ ಮೇಲೆ ಮತ್ತೊಂದು ಕಣ್ಣು ಬಿದ್ದಿದೆ. ಹಿಂದೆ ಅಣೆಕಟ್ಟಿಗೆ, ಗಣಿಗೆ, ನೆಡುತೋಪಿಗೆ ಕಾಡು ಬೇಕಾಗಿತ್ತು. ಇಂದು ವಿಹಾರಕ್ಕೆ ಬೇಕಾಗಿದೆ. ವಿದ್ಯುತ್ ತಂತಿ ತಲುಪದ, ನೆರೆಮನೆ ಕಾಣದ, ಅಂಚಿನಲ್ಲೊಂದು ಹಳ್ಳ ಹರಿಯುವ ಕೆಲವು ಎಕರೆ ಮರಗಾಡು ನಗರದ ಹಣವಂತರ ಹೊಸ ಹಂಬಲವಾಗಿದೆ. ದಲ್ಲಾಳಿಗಳು ಇದನ್ನು ಎಕರೆಯಲ್ಲಿ ಕೊಂಡು ಗುಂಟೆಯಲ್ಲಿ ಮಾರುತ್ತಾರೆ. ಮಂಜು, ತೊರೆ, ಕಾಟಿಯ ಹೆಜ್ಜೆಗುರುತು ಎಲ್ಲವೂ ಬೆಲೆಯೊಳಗೆ ಸೇರಿವೆ.

ಈ ವ್ಯಾಪಾರಕ್ಕೆ ಹೆಬ್ಬಾಗಿಲು ತೆರೆದದ್ದು ಸರ್ಕಾರವೇ. 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿಯ 79ಎ ಮತ್ತು 79ಬಿ ಕಲಮುಗಳು, ಕೃಷಿಕರಲ್ಲದವರ ಕೈಗೆ ಕೃಷಿಭೂಮಿ ಹೋಗದಂತೆ ತಡೆ ಒಡ್ಡಿದ್ದವು. ಆ ತಡೆಯಲ್ಲಿ ತೂತುಗಳಿದ್ದವು, ನಿಜ. ಆದರೆ ತೂತು ಮುಚ್ಚುವ ಬದಲು 2020ರಲ್ಲಿ ಗೋಡೆಯನ್ನೇ ಕೆಡವಲಾಯಿತು. ಉಳುವವನೇ ಹೊಲದೊಡೆಯ ಎಂದು ಸಾರಿದ ನಾಡಿನಲ್ಲಿ ಈಗ ವಾರಾಂತ್ಯಕ್ಕೆ ಬಂದುಹೋಗುವವನೂ ಹೊಲದೊಡೆಯನಾಗಬಲ್ಲ.

ಕೊಳ್ಳುವವರಲ್ಲಿ ಕೆಲವರಿಗೆ ಮರದ ನೆರಳಷ್ಟೇ ಸಾಲದು, ಶಿಕಾರಿಯೂ ಬೇಕು. ತನ್ನ ಬೇಲಿಯೊಳಗೆ ಬಂದ ಹಂದಿ, ಕಡವೆ ತನ್ನದೇ ಎಂಬ ಭ್ರಮೆ ಅವರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಂಥ ಒಡೆತನವನ್ನು ಯಾರಿಗೂ ಕೊಟ್ಟಿಲ್ಲ. ಪರವಾನಗಿ ಪಡೆದು ಬೇಟೆಯಾಡುವ ಅವಕಾಶವೂ 1991ರ ತಿದ್ದುಪಡಿಯೊಂದಿಗೆ ಕೊನೆಗೊಂಡಿತು. ಕಾಯ್ದೆ ರಕ್ಷಿಸುವ ಪ್ರಾಣಿಯನ್ನು ಮೋಜಿಗಾಗಿ ಕೊಲ್ಲುವುದು ಸರ್ಕಾರಿ ಅರಣ್ಯದಲ್ಲಿ ಎಷ್ಟು ಅಪರಾಧವೋ ಪಟ್ಟಾ ಭೂಮಿಯಲ್ಲಿಯೂ ಅಷ್ಟೇ ಅಪರಾಧ. ಕೊಡವರ ಕೋವಿಯ ಮಾತನ್ನು ಇಲ್ಲಿ ಎಳೆದು ತರುವವರಿದ್ದಾರೆ. ಅವರಿಗಿರುವ ವಿನಾಯಿತಿ ಕೋವಿಯ ಪರವಾನಗಿಗೆ ಸಂಬಂಧಿಸಿದ್ದು, ಬೇಟೆಗಲ್ಲ. ಕೈಲ್‌ಪೊಳ್ದ್ ದಿನ ಕೋವಿಗೆ ಪೂಜೆ ಸಲ್ಲಿಸಿ ತೆಂಗಿನಕಾಯಿಗೆ ಗುರಿಯಿಡುವ ಜನರ ಹೆಸರು ಹೇಳಿ, ಹೊರಗಿನಿಂದ ಬಂದವರು ಇರುಳಿನಲ್ಲಿ ಜೀಪಿನ ದೀಪ ಬೀರಿ ಗುಂಡು ಹಾರಿಸುವುದು ಸಂಸ್ಕೃತಿಯಲ್ಲ, ಕಳ್ಳತನ.

ಗುಂಡು ಹಾರದಿದ್ದರೂ ಕಾಡು ಸಾಯುತ್ತದೆ. ವಿದ್ಯುತ್ ಜಾಲದಿಂದ ದೂರ ಎಂಬ ಹೆಗ್ಗಳಿಕೆಯ ಹಿಂದೆ ಜೆಸಿಬಿ ಬರುತ್ತದೆ. ಜೀಪು ಹತ್ತಲೆಂದು ಗುಡ್ಡದ ಪಕ್ಕೆಯನ್ನು ಸೀಳಿದರೆ, ಮೊದಲ ಮಳೆಗಾಲಕ್ಕೇ ಮಣ್ಣು ಜರಿದು ಹಳ್ಳ ಸೇರುತ್ತದೆ. ಕೊಳವೆಬಾವಿ ಕೊರೆದರೆ ಕೆಳಗಿನ ಕೇರಿಯ ಒರತೆಗೆ ಕುತ್ತು. ಸೌರ ಬೇಲಿ ಬಿಗಿದರೆ ಆನೆ ತನ್ನ ಹಾದಿ ಬಿಟ್ಟು ಪಕ್ಕದ ಬಡ ರೈತನ ಗದ್ದೆಗೆ ಇಳಿಯುತ್ತದೆ. ನೋಟಕ್ಕೆ ಅಡ್ಡವೆಂದು ಪೊಟರೆಯ ಹಳೆಮರ ಕಡಿದರೆ ಮಂಗಟ್ಟೆ ಗೂಡು ಕಳೆದುಕೊಳ್ಳುತ್ತದೆ. ಸಿದ್ದಾಪುರದ ಕತ್ತಲೆಕಾನಿನಂಥಲ್ಲಿ ಉಳಿದಿರುವ ರಾಂಪತ್ರೆ ಜಡ್ಡಿಯನ್ನು ಕಂಡರೆ ಹೊಸ ಒಡೆಯನಿಗೆ ಅದು ಸೊಳ್ಳೆ ಹುಟ್ಟುವ ಕೆಸರು. ವರ್ಷವಿಡೀ ತೊರೆಗೆ ನೀರುಣಿಸುವ ಮಡಿಲು ಅದೆಂದು ಅವನಿಗೆ ಹೇಳುವವರಿಲ್ಲ. ಒಬ್ಬನ ಕೆಲಸ ಸಣ್ಣದೇ ಇರಬಹುದು. ಒಂದು ಗುಡ್ಡಕ್ಕೆ ನಲವತ್ತು ಒಡೆಯರಾದರೆ ನಲವತ್ತು ದಾರಿ, ನಲವತ್ತು ಬೇಲಿ, ನಲವತ್ತು ಬಾವಿ.

ಮಲೆನಾಡಿನ ರೈತನೂ ಕಾಡನ್ನು ಬಳಸಿದವನೇ. ಆದರೆ ಆ ಬಳಕೆಗೆ ಒಂದು ಹೊಣೆಯಿತ್ತು. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೂ ಸೊಪ್ಪಿನ ಬೆಟ್ಟದ ಸೌಲಭ್ಯ ದೊರೆತದ್ದು ಸೊಪ್ಪು, ದರಕು, ಕಟ್ಟಿಗೆಗಾಗಿ. ಬೆಟ್ಟ ಬೋಳಾದರೆ ತೋಟ ಸೊರಗುತ್ತದೆಂಬ ಭಯವೇ ಬೆಟ್ಟದ ಕಾವಲಾಗಿತ್ತು. ಎಲ್ಲರೂ ಹಾಗೆ ಕಾದರೆಂದಲ್ಲ. ಬೋಳು ಬೆಟ್ಟಗಳು ಕಣ್ಣೆದುರಿಗಿವೆ. ಆದರೂ ಬೆಟ್ಟ, ಕುಮ್ಕಿಗಳು ಸೌಲಭ್ಯದ ಭೂಮಿಗಳೇ ಹೊರತು ಸ್ವಂತ ಆಸ್ತಿಯಲ್ಲ. ತೋಟದ ಜೊತೆಗೆ ಬೆಟ್ಟವೂ ನಿಮ್ಮದೇ ಎಂದು ಬೇಲಿ ತೋರಿಸುವ ದಲ್ಲಾಳಿ, ಊರಿನದನ್ನು ಮಾರುತ್ತಿದ್ದಾನೆ.

ಕೊಳ್ಳುವವರೆಲ್ಲ ದುಷ್ಟರೆಂದು ಹೇಳಲಾಗದು. ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ ದಕ್ಷಿಣ ಕೊಡಗಿನಲ್ಲಿ 1991ರಲ್ಲಿ 55 ಎಕರೆ ಕೊಂಡರು. ಪಕ್ಕದ ಜಮೀನುಗಳನ್ನು ಸೇರಿಸುತ್ತ ಸುಮಾರು 300 ಎಕರೆಯನ್ನು ಮತ್ತೆ ಕಾಡಾಗಲು ಬಿಟ್ಟರು. ವ್ಯತ್ಯಾಸ ಇಲ್ಲಿಯೇ ಇದೆ. ಅವರು ತುಂಡುಗಳನ್ನು ಕೂಡಿಸಿದರು. ಇಂದಿನ ಮಾರುಕಟ್ಟೆ ಇಡಿಯದ್ದನ್ನು ತುಂಡರಿಸುತ್ತಿದೆ.

ಮಾರುವ ರೈತನನ್ನು ದೂರುವುದೂ ಸುಲಭದ ಮಾತು. ಅಡಿಕೆಗೆ ಕೊಳೆರೋಗ, ಎಲೆಚುಕ್ಕೆ ರೋಗ, ಕೂಲಿಯಾಳಿನ ಕೊರತೆ, ಬ್ಯಾಂಕಿನ ಸಾಲ, ಬೆಂಗಳೂರು ಸೇರಿದ ಮಕ್ಕಳು. ಕೈಯಲ್ಲಿ ಕಾನು ಇಟ್ಟುಕೊಂಡು ಅದರ ನೀರನ್ನು ಊರಿಗೆಲ್ಲ ಉಣಿಸಿದವನಿಗೆ ಸಮಾಜ ಕೊಟ್ಟದ್ದೇನು? ದಲ್ಲಾಳಿ ಕನಿಷ್ಠ ಹಣವನ್ನಾದರೂ ತಂದ. ಪರಿಸರದ ಮಾತಾಡುವವರು ಬರಿ ಉಪದೇಶ ತಂದರು. ಈ ಲೋಪವನ್ನು ಚಳವಳಿ ಒಪ್ಪಿಕೊಳ್ಳಲೇಬೇಕು.

ಆದ್ದರಿಂದ ಬೇಡಿಕೆಗಳು ಎರಡೂ ಕಡೆಗೆ ಇರಬೇಕು. ಸರ್ಕಾರ 2020ರ ತಿದ್ದುಪಡಿಯನ್ನು ಮಲೆನಾಡು ಜಿಲ್ಲೆಗಳ ಮಟ್ಟಿಗಾದರೂ ಹಿಂದೆಗೆಯಲಿ. ಮರಗಾಡಿನ ನೆಲವನ್ನು ಗುಂಟೆಗಳಾಗಿ ಒಡೆಯುವ ಯಾವ ಯೋಜನೆಗೂ ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಲಿ. ಕಾನು ಉಳಿಸಿಕೊಂಡ ಕುಟುಂಬಕ್ಕೆ ನೀರಿನ ಲೆಕ್ಕದಲ್ಲಿ ವಾರ್ಷಿಕ ಗೌರವಧನ ಸಲ್ಲಲಿ. ಊರಿನ ಸಹಕಾರಿ ಸಂಘಗಳು, ಮಾರಲೇಬೇಕಾದ ಸ್ಥಿತಿಗೆ ಬಂದವನ ನೆಲವನ್ನು ಊರಿಗೇ ಉಳಿಸಿಕೊಳ್ಳಲು ನಿಧಿ ಕಟ್ಟಲಿ.

ಇದಾವುದೂ ಆಗದಿದ್ದರೆ ಮುಂದಿನ ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ, ಗುಡ್ಡದ ಮೇಲಿನ ಒಡೆಯ ಬೀಗ ಹಾಕಿಕೊಂಡು ನಗರಕ್ಕೆ ಹೋಗುತ್ತಾನೆ. ಬಿಂದಿಗೆ ಹಿಡಿದು ನಿಲ್ಲುವವರು ಕೆಳಗಿನ ಕೇರಿಯವರೇ.