ಅವ್ವ ಮಗನನ್ನು ಕರಿಯುತ್ತಾಳೋ, ಕರೆಯುತ್ತಾಳೋ?

‘ಅವ್ವ ಮಗನನ್ನು ಊಟಕ್ಕೆ ಕರಿಯುತ್ತಾಳೆ.’ ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಶಾಲೆಗಳ ಉತ್ತರಪತ್ರಿಕೆಗಳಲ್ಲಿ ಇಂಥ ವಾಕ್ಯ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ. ಕರಿಯುವುದು ಭಜಿಯನ್ನು, ಕಾದ ಎಣ್ಣೆಯಲ್ಲಿ. ಮಗನನ್ನು ಕರೆಯಬೇಕು. ಗುರುಗಳು ನಗುತ್ತಾರೆ, ಕೆಂಪು ಶಾಯಿಯ ಗೆರೆ ಬೀಳುತ್ತದೆ. ಮನೆಯಲ್ಲಿ ಪಾಲಕರು ‘ಇಷ್ಟು ದಿನ ಸಾಲಿಗೆ ಹೋಗಿ ಕಲ್ತದ್ದು ಇದೇನು?’ ಎಂದು ಬೈಯುತ್ತಾರೆ. ಹುಡುಗ ಮಾತ್ರ ತಾನು ಕೇಳಿದ್ದನ್ನೇ ಬರೆದಿರುತ್ತಾನೆ.

ಈ ಭಾಗದ ಮಾತಿನಲ್ಲಿ ಪದದ ಕೊನೆಯ ‘ಎ’ ಸಾಮಾನ್ಯವಾಗಿ ‘ಇ’ ಆಗುತ್ತದೆ. ಮನೆ ‘ಮನಿ’, ಎಲೆ ‘ಎಲಿ’. ಅದೇ ರೀತಿ ಬರೆ ‘ಬರಿ’, ನಡೆ ‘ನಡಿ’, ಕರೆ ‘ಕರಿ’. ವರ್ತಮಾನ ಕಾಲಕ್ಕೆ ಬಂದರೆ ಬರೀತಾನ, ನಡೀತಾನ, ಕಲೀತಾನ, ಕುಡೀತಾನ ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಕೇಳುತ್ತವೆ. ಇವುಗಳಲ್ಲಿ ಯಾವುದರ ಧಾತು ‘ಎ’ಕಾರಾಂತ, ಯಾವುದರದು ‘ಇ’ಕಾರಾಂತ ಎಂಬುದನ್ನು ಕಿವಿ ಹೇಳುವುದಿಲ್ಲ.

ಬರವಣಿಗೆಯಲ್ಲಿ ಧಾತುವಿಗೆ ಕಾಲಸೂಚಕ ‘ಉತ್ತ’ ಸೇರಿ, ಮೇಲೆ ‘ಆನೆ’, ‘ಆಳೆ’ ಮುಂತಾದವು ಹತ್ತುತ್ತವೆ. ‘ಮಾಡು’ವಿನಂಥ ಧಾತುವಿಗೆ ತೊಂದರೆಯಿಲ್ಲ; ಒಂದು ‘ಉ’ ಬಿದ್ದುಹೋಗಿ ‘ಮಾಡುತ್ತಾನೆ’ ಆಗುತ್ತದೆ. ‘ಕಲಿ’, ‘ಬರೆ’ಗಳಿಗೆ ಮಾತ್ರ ನಡುವೆ ‘ಯ’ಕಾರ ಬರುತ್ತದೆ. ಇದು ವ್ಯಾಕರಣದವರು ಹೇರಿದ ಹೊರೆಯಲ್ಲ. ‘ಕಲಿ’ ಎಂದು ಹೇಳಿ ಉಸಿರು ತಡೆಯದೆ ‘ಉತ್ತಾನೆ’ ಎನ್ನಿರಿ. ‘ಇ’ ಅನ್ನುವಾಗ ನಾಲಿಗೆಯ ಮುಂಭಾಗ ಅಂಗಳದ ಹತ್ತಿರ ಏರಿರುತ್ತದೆ. ‘ಉ’ ಅನ್ನಲು ಅದು ಹಿಂದೆ ಸರಿಯಬೇಕು. ಆ ಸರಿಯುವಿಕೆಯಲ್ಲೇ ‘ಯ’ ಹುಟ್ಟಿಬಿಡುತ್ತದೆ.

‘ಯ’ ತಾನಾಗಿ ಬಂತು. ಅದರ ಹಿಂದಿನದು ‘ರೆ’ಯೋ ‘ರಿ’ಯೋ ಎಂಬುದು ಉಳಿಯಿತು. ಇದಕ್ಕೆ ‘ಬಾಯಿಪಾಠ ಮಾಡು’ ಎಂಬುದೇ ಸಾಮಾನ್ಯವಾಗಿ ಸಿಗುವ ಉತ್ತರ. ಆದರೆ ಇಂಥ ಧಾತುಗಳನ್ನು ಸಾಲಾಗಿ ಬರೆದು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ತೆರೆ, ಬೆಳೆ, ಎಳೆ, ಸೆಳೆ, ತೊಳೆ, ಹೊಡೆ, ಒಗೆ, ಒಡೆ: ಮೊದಲ ಸ್ವರ ‘ಎ’ ಇಲ್ಲವೆ ‘ಒ’, ಕೊನೆಯದು ‘ಎ’. ಹಿಡಿ, ಇಳಿ, ತಿಳಿ, ಕುಡಿ, ಸುರಿ, ಮುರಿ, ದುಡಿ, ಉಳಿ: ಮೊದಲ ಸ್ವರ ‘ಇ’ ಇಲ್ಲವೆ ‘ಉ’, ಕೊನೆಯದು ‘ಇ’. ಬಾಯಿ ಹೆಚ್ಚು ಮುಚ್ಚಿ ಆಡುವ ಸ್ವರಗಳು ಒಂದು ಕಡೆ, ಅರ್ಧ ತೆರೆದು ಆಡುವವು ಇನ್ನೊಂದು ಕಡೆ. ಹಳ್ಳಿಯ ಮಾತಿನಲ್ಲಿ ಕೊನೆಯ ಸ್ವರ ಕೆಟ್ಟರೂ ಮೊದಲಿನದು ಗಟ್ಟಿಯಾಗಿ ಉಳಿದಿರುತ್ತದೆ. ‘ತೊಳೀತಾಳ’ ಎಂದು ಕೇಳಿದರೆ ಸಾಕು, ‘ತೊಳೆಯುತ್ತಾಳೆ’ ಎಂದು ಧೈರ್ಯವಾಗಿ ಬರೆಯಬಹುದು. ಅಪವಾದ ಇಲ್ಲವೆಂದಲ್ಲ. ‘ಹೊಲಿ’ ಹಾಗೆ ತಪ್ಪಿಸಿಕೊಂಡದ್ದು. ದರ್ಜಿ ಅಂಗಿ ಹೊಲಿಯುತ್ತಾನೆ.

ನಿಜವಾದ ಪೇಚು ಇರುವುದು ‘ಅ’ಕಾರದಿಂದ ಆರಂಭವಾಗುವ ಧಾತುಗಳಲ್ಲಿ. ‘ಅ’ ಎರಡೂ ಪಂಗಡದ ಬೀಗ. ಬರೆ, ನಡೆ, ಮರೆ, ಪಡೆ ಒಂದು ಕಡೆ. ಕಲಿ, ಕಡಿ, ಹರಿ, ಬಳಿ ಇನ್ನೊಂದು ಕಡೆ. ಅರ್ಥ ಕೆಡಿಸುವ ಜೋಡಿಗಳಿರುವುದೂ ಇಲ್ಲೇ. ಮೋಜಣಿದಾರ ಹೊಲ ಅಳೆಯುತ್ತಾನೆ. ‘ಅಳಿಯುತ್ತಾನೆ’ ಎಂದು ಬರೆದರೆ ಪಾಪ, ಅವನೇ ಇಲ್ಲವಾಗುತ್ತಾನೆ. ಅಜ್ಜಿ ಮಸಾಲೆ ಅರೆಯುತ್ತಾಳೆ, ಮೊಮ್ಮಗನ ಮನಸ್ಸು ಅರಿಯುತ್ತಾಳೆ. ಕರೆ ಮತ್ತು ಕರಿಯ ಕಥೆ ಆಗಲೇ ಆಯಿತು. (ಹಾಲಿನ ವಿಷಯದಲ್ಲಿ ನಮ್ಮ ಕಡೆಯವರು ಬಚಾವು, ಅವರು ಎಮ್ಮೆಯನ್ನು ಕರೆಯುವುದಿಲ್ಲ, ಹಿಂಡುತ್ತಾರೆ.) ಬಾಯಿಪಾಠ ಮಾಡಬೇಕಾದದ್ದು ಈ ‘ಅ’ಕಾರದವನ್ನಷ್ಟೇ. ನೋಟುಬುಕ್ಕಿನ ಒಂದು ಪುಟ ಸಾಕು.

ನಿಪ್ಪಾಣಿ, ಕಾಗವಾಡದ ಮರಾಠಿ ಮನೆಗಳ ಮಕ್ಕಳ ಕಷ್ಟ ಬೇರೆ. ಮರಾಠಿಯಲ್ಲಿ ‘ಕರ್ತೋ’ ಎಂದು ಆಡಿದರೂ ‘ಕರತೋ’ ಎಂದು ಬರೆಯುತ್ತಾರೆ. ನಡುವಿನ ಅಕ್ಷರದ ‘ಅ’ಕಾರ ಬಾಯಲ್ಲಿ ಇರುವುದಿಲ್ಲ. ಆ ರೂಢಿಯ ಕೈ ಕನ್ನಡದಲ್ಲಿಯೂ ‘ಮಾಡತಾನೆ’, ‘ಹೋಗತಾನೆ’ ಎಂದು ಬರೆದರೆ ಅದರಲ್ಲೊಂದು ತರ್ಕವಿದೆ. ಕನ್ನಡ ಲಿಪಿಯಲ್ಲಿ ಬರೆದ ಅಕ್ಷರವನ್ನೆಲ್ಲ ಉಚ್ಚರಿಸಬೇಕು ಎಂದು ಒಮ್ಮೆ ಓದಿಸಿ ತೋರಿಸಿದರೆ ಮಗು ತಾನೇ ತಿದ್ದಿಕೊಳ್ಳುತ್ತದೆ. ಅವರಿಗೊಂದು ಸಮಾಧಾನವೂ ಇದೆ. ಮರಾಠಿಯಲ್ಲಿ ಹುಡುಗ ‘ಮೀ ಜಾತೋ’ ಅನ್ನಬೇಕು, ಹುಡುಗಿ ‘ಮೀ ಜಾತೇ’ ಅನ್ನಬೇಕು. ಕನ್ನಡದಲ್ಲಿ ಇಬ್ಬರಿಗೂ ‘ಹೋಗುತ್ತೇನೆ’ ಒಂದೇ.

ಇಂಥ ಕಾಟ ಕನ್ನಡಕ್ಕಷ್ಟೇ ಇದೆ ಎಂದುಕೊಳ್ಳಬಾರದು. ಇಂಗ್ಲಿಷಿನ ‘ಸ್ಟಡಿ’, ‘ಸ್ಟಡೀಸ್’ ಆಗುವಾಗ ಕೊನೆಯ ‘ವೈ’ ಹೋಗಿ ‘ಐ’, ‘ಇ’ ಬರುವುದು ಮಕ್ಕಳಿಗೆ ಗೊತ್ತು. ಫ್ರೆಂಚರಲ್ಲಿ ಕಾಕತಾಳೀಯವೆಂಬಂತೆ ‘ಕರೆ’ ಎಂಬ ಅರ್ಥದ ಕ್ರಿಯಾಪದವೇ ಪೇಚಿನದು. ‘ನಾವು ಕರೆಯುತ್ತೇವೆ’ ಎಂದು ಬರೆಯುವಾಗ ಅದರಲ್ಲಿ ‘ಎಲ್’ ಒಂದು, ‘ನಾನು ಕರೆಯುತ್ತೇನೆ’ ಎಂದು ಬರೆಯುವಾಗ ಎರಡು. ಮುಂದಿನ ‘ಇ’ ಅಕ್ಷರ ಮೂಕವಾದಾಗ ಹಿಂದಿನ ಸ್ವರದ ಉಚ್ಚಾರ ಬದಲಾಗುತ್ತದೆ. ಆ ಬದಲಾವಣೆಯನ್ನು ಇಮ್ಮಡಿ ‘ಎಲ್’ ತೋರಿಸುತ್ತದೆ. ‘ತಿನ್ನು’ ಎಂಬ ಅರ್ಥದ ಕ್ರಿಯಾಪದಕ್ಕೆ ‘ನಾವು’ ರೂಪದಲ್ಲಿ ಒಂದು ‘ಇ’ ಹೆಚ್ಚಿಗೆ ತುರುಕುತ್ತಾರೆ. ಇಲ್ಲದಿದ್ದರೆ ಅದರ ಮೃದುವಾದ ‘ಜಿ’ ಅಕ್ಷರ ‘ಗ’ ಎಂದು ಗಡುಸಾಗುತ್ತದೆ. ಪ್ಯಾರಿಸ್ಸಿನ ಮಕ್ಕಳೂ ಕೆಂಪು ಶಾಯಿಯಿಂದ ತಪ್ಪಿಸಿಕೊಂಡವರಲ್ಲ.

ಎಸ್‌ಎಸ್‌ಎಲ್‌ಸಿಯ ಪ್ರಥಮ ಭಾಷೆಯ ಪತ್ರಿಕೆ 100 ಅಂಕಗಳದ್ದು. ಪ್ರಬಂಧ, ಪತ್ರಲೇಖನದಲ್ಲಿ ವಾಕ್ಯಕ್ಕೊಂದು ಕ್ರಿಯಾಪದ ಬಂದೇ ಬರುತ್ತದೆ. ಹಾಗೆಂದು ಪಾಲಕರು ಮನೆಯಲ್ಲಿ ‘ಕರೀತಾಳ’ ಅನ್ನುವುದನ್ನು ನಿಲ್ಲಿಸಿ ‘ಕರೆಯುತ್ತಾಳೆ’ ಎಂದು ಮಾತಾಡತೊಡಗಿದರೆ ಮಕ್ಕಳು ಗಾಬರಿಯಾದಾರು. ಅದರ ಬದಲು ವರ್ತಮಾನಪತ್ರಿಕೆಯ ಒಂದು ಸುದ್ದಿಯಲ್ಲಿ ‘ಯುತ್ತ’ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿಸಿ, ಅದರ ಹಿಂದಿನ ಅಕ್ಷರಕ್ಕೆ ಗೆರೆ ಎಳೆಸಬಹುದು. ಹತ್ತು ನಿಮಿಷದ ಕೆಲಸ.

ಇಷ್ಟೆಲ್ಲ ಆದ ಮೇಲೆ ಅವ್ವ ಮಗನನ್ನು ಸರಿಯಾಗಿಯೇ ಕರೆಯುತ್ತಾಳೆ: ‘ಬಾ.’ ಅವನು ಬರುತ್ತಾನೆ. ಧಾತು ‘ಬರು’, ಆದರೆ ‘ಬರು’ ಎಂದು ಯಾರೂ ಯಾರನ್ನೂ ಕರೆದದ್ದಿಲ್ಲ. ‘ತಾ’ ಮತ್ತು ‘ತರು’ಗಳದ್ದೂ ಇದೇ ಕಥೆ. ಅದು ಇನ್ನೊಂದು ವಾರಕ್ಕೆ.